ಸೈಲೆನ್ಸರ್ ತೆರೆದ ಚೈನ್‌ಸಾ: ಕಾರ್ಬುರೇಟರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಬೇಕು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ಗಾಳಿಗೆ ಬಿದ್ದ ಸಿಲ್ವರ್ ಓಕ್, ಹಲಸು, ಅಕೇಶಿಯಾ ಮರಗಳನ್ನು ತುಂಡು ಮಾಡಲು ಹಳೆಯ ಹಸ್ಕ್ವಾರ್ನಾ 372 ಎಕ್ಸ್‌ಪಿ ಚೈನ್‌ಸಾ ಇಟ್ಟುಕೊಂಡಿದ್ದೇವೆ. ಹೋದ ಬೇಸಿಗೆಯಲ್ಲಿ ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್‌ನ ಬಾಯಿ ಅಗಲ ಮಾಡಿ, ಸಿಲಿಂಡರ್ ಅಡಿಯ ಗ್ಯಾಸ್ಕೆಟ್ ತೆಗೆದು, ಪೋರ್ಟ್‌ಗಳನ್ನು (ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ಕಿಂಡಿಗಳನ್ನು) ಉಜ್ಜಿ ಕೊಟ್ಟರು. ಶಕ್ತಿ ಹೆಚ್ಚಾದದ್ದು ನಿಜ. ಆದರೆ ಈಗ ಅರ್ಧ ಟ್ಯಾಂಕ್ ಓಡಿದ ಮೇಲೆ ಸದ್ದು ಕೀರಲಾಗುತ್ತದೆ. ರೇಸ್ ಬಿಟ್ಟರೂ ಎಂಜಿನ್ ಕೂಡಲೇ ಸ್ಲೋಗೆ ಇಳಿಯುವುದಿಲ್ಲ. ಒಮ್ಮೊಮ್ಮೆ ರೇಸ್ ಕೊಟ್ಟ ತಕ್ಷಣ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತದೆ. ‘ಕಾರ್ಬುರೇಟರ್‌ನ ಎಲ್ (ಸ್ಲೋ ವೇಗದ ಪೆಟ್ರೋಲ್ ಸ್ಕ್ರೂ), ಎಚ್ (ಪೂರ್ತಿ ವೇಗದ್ದು) ಎರಡನ್ನೂ ಒಂದೊಂದು ಸುತ್ತಿಗೆ ಇಡಿ, ಅದೇ ಕಂಪನಿ ಸೆಟ್ಟಿಂಗ್’ ಎಂದು ಒಬ್ಬರು ಹೇಳಿದರೆ, ‘ಎಚ್ ಇನ್ನಷ್ಟು ಬಿಗಿ ಮಾಡಿ, ವೇಗ ಬರುತ್ತದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಸರಿಯಾದ ಲೆಕ್ಕ ಯಾವುದು? ಈಗಿನ ಎಥನಾಲ್ ಪೆಟ್ರೋಲ್‌ಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಮೊದಲು ಒಂದು ಮಾತು. ಈ ಉತ್ತರವನ್ನು ಪೂರ್ತಿ ಓದಿ, ಇಲ್ಲಿ ಹೇಳಿದ ತಪಾಸಣೆ ಮುಗಿಸುವ ತನಕ ಆ ಯಂತ್ರವನ್ನು ಸ್ಟಾರ್ಟ್ ಮಾಡಬೇಡಿ. ನೀವು ಬರೆದಿರುವ ಮೂರೂ ಲಕ್ಷಣಗಳು ಒಂದೇ ಕಡೆಗೆ ಬೆರಳು ತೋರಿಸುತ್ತಿವೆ: ಎಂಜಿನ್‌ಗೆ ಬೇಕಾದಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಅಥವಾ ಸಿಗಬಾರದ ಕಡೆಯಿಂದ ಗಾಳಿ ಸಿಗುತ್ತಿದೆ. ಎರಡರಲ್ಲಿ ಯಾವುದಾದರೂ ಪಿಸ್ಟನ್ ಸುಡುತ್ತದೆ. ಎಚ್ ಸ್ಕ್ರೂ ಇನ್ನಷ್ಟು ಬಿಗಿ ಮಾಡಿ ಎಂಬ ಸಲಹೆಯಂತೂ ಈ ಸ್ಥಿತಿಯಲ್ಲಿ ಎಂಜಿನ್ ಕೊಲ್ಲುವ ಸಲಹೆ. ದಯವಿಟ್ಟು ಕೇಳಬೇಡಿ.

ಸುತ್ತಿನ ಲೆಕ್ಕಕ್ಕೆ ಬರೋಣ. ಒಂದು ಸುತ್ತು ಎಂಬುದು ಸುಳ್ಳಲ್ಲ. ಸೂಜಿಯನ್ನು, ಅಂದರೆ ಚೂಪು ತುದಿಯ ಆ ಸ್ಕ್ರೂವನ್ನು, ಮೆಲ್ಲಗೆ ಒಳಗೆ ಕೂರಿಸಿ, ಅಲ್ಲಿಂದ ಒಂದು ಸುತ್ತು ಹೊರಗೆ ಬಿಚ್ಚಿದರೆ ಎಂಜಿನ್ ಸ್ಟಾರ್ಟ್ ಆಗಿ ಬಿಸಿಯಾಗಲು ಸಾಕು. ಅದು ಶುರುಮಾಡುವ ಜಾಗ ಅಷ್ಟೇ, ನಿಲ್ಲುವ ಜಾಗವಲ್ಲ. ಅದೂ ಕಂಪನಿಯ ಸೈಲೆನ್ಸರ್, ಕಂಪನಿಯ ಗ್ಯಾಸ್ಕೆಟ್, ಕಂಪನಿಯ ಪೋರ್ಟ್ ಇರುವ ಯಂತ್ರಕ್ಕೆ ಹೇಳಿದ ಮಾತು. ನಿಮ್ಮ ಯಂತ್ರದಲ್ಲಿ ಈ ಮೂರೂ ಬದಲಾಗಿವೆ. ಹಾಗಾಗಿ ನಿಮ್ಮ ಯಂತ್ರದ ಸುತ್ತು ಎಷ್ಟೆಂದು ಪುಸ್ತಕದಲ್ಲಿಲ್ಲ, ನನಗೂ ಇಲ್ಲಿ ಕುಳಿತು ಹೇಳಲು ಬರುವುದಿಲ್ಲ. ಅದನ್ನು ಮರದೊಳಗೆ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇಟ್ಟು ಕಿವಿಯಿಂದಲೇ ಕಂಡುಕೊಳ್ಳಬೇಕು. ಹೇಗೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಸೈಲೆನ್ಸರ್ ಬಾಯಿ ತೆರೆದರೆ ಕಾರ್ಬುರೇಟರ್ ಏಕೆ ಬದಲಾಗಬೇಕು ಎಂದು ಅನೇಕರು ಕೇಳುತ್ತಾರೆ, ಪೆಟ್ರೋಲ್ ಬರುವುದು ಆ ಕಡೆಯಿಂದ, ಹೊಗೆ ಹೋಗುವುದು ಈ ಕಡೆಯಿಂದ ಅಲ್ಲವೇ ಎಂದು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇವೆರಡೂ ಬೇರೆ ಬೇರೆ ಅಲ್ಲ. ಸುಟ್ಟ ಹೊಗೆ ಹೊರಗೆ ಹೋಗುತ್ತಿರುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತಿರುತ್ತದೆ. ಹೊಗೆಗೆ ದಾರಿ ಸಲೀಸಾದರೆ ಸಿಲಿಂಡರ್ ಹೆಚ್ಚು ಖಾಲಿಯಾಗುತ್ತದೆ, ಹೆಚ್ಚು ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಬರುವ ರಂಧ್ರ ಮಾತ್ರ ಸೂಜಿ ಎಲ್ಲಿತ್ತೋ ಅಲ್ಲೇ ಇರುವುದರಿಂದ ಗಾಳಿಗೆ ಸರಿಸಾಟಿಯಾಗಿ ಹೆಚ್ಚುವುದಿಲ್ಲ. ಪರಿಣಾಮವಾಗಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಸೈಲೆನ್ಸರ್ ತೆರೆದ ಯಂತ್ರಕ್ಕೆ ಎಚ್ ಸ್ಕ್ರೂವನ್ನು ಸಾಮಾನ್ಯವಾಗಿ ಕಾಲು ಸುತ್ತಿನ ಆಸುಪಾಸಿನಲ್ಲಿ ಹೊರಗೆ ಬಿಚ್ಚಬೇಕಾಗುತ್ತದೆ. ಪೋರ್ಟ್ ಕೆಲಸವೂ ಆಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು.

ಇನ್ನೊಂದು ಸಂಗತಿ ಮರೆಯಬಾರದು. ಈ ಎಂಜಿನ್‌ಗೆ ಬೇರೆ ಆಯಿಲ್ ಪಂಪ್ ಇಲ್ಲ. ಬೇರಿಂಗ್, ಪಿಸ್ಟನ್, ಸಿಲಿಂಡರ್ ಗೋಡೆ ಎಲ್ಲಕ್ಕೂ ಎಣ್ಣೆ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಆವಿಯಾಗುವಾಗ ಪಿಸ್ಟನ್‌ನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಲೀನ್ ಆದರೆ ಒಂದೇ ಏಟಿಗೆ ಮೂರು ನಷ್ಟ: ಉರಿಯ ಬಿಸಿ ಏರುತ್ತದೆ, ತಂಪು ಕಡಿಮೆಯಾಗುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ. ನಿಮ್ಮ 70.7 ಸಿಸಿ ಎಂಜಿನ್ 13,500 ಆರ್‌ಪಿಎಂನಲ್ಲಿ ಓಡುವಾಗ ಪಿಸ್ಟನ್ ಒಂದು ಸೆಕೆಂಡಿಗೆ 225 ಬಾರಿ ಮೇಲೆ ಕೆಳಗೆ ಹೋಗಿ ಬರುತ್ತದೆ. ಆ ವೇಗದಲ್ಲಿ ಎಣ್ಣೆಯ ಪದರ ಹರಿದರೆ ಅಲ್ಯೂಮಿನಿಯಂ ಪಿಸ್ಟನ್ ಸಿಲಿಂಡರ್ ಗೋಡೆಗೆ ಕಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಅದಕ್ಕೇ ನಿಮ್ಮ ಮೊದಲ ಕೆಲಸ ಸ್ಕ್ರೂ ತಿರುಗಿಸುವುದಲ್ಲ, ಪಿಸ್ಟನ್ ನೋಡುವುದು. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಿಚ್ಚಿ. ಪ್ಲಗ್ ತೆಗೆದು, ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಎಕ್ಸಾಸ್ಟ್ ಪೋರ್ಟ್‌ನೊಳಗೆ ಟಾರ್ಚ್ ಬಿಡಿ. ಪಿಸ್ಟನ್‌ನ ಪಕ್ಕೆಯಲ್ಲಿ ಕಾರ್ಖಾನೆಯಲ್ಲಿ ಕಡೆದಾಗ ಮೂಡಿದ ನವಿರಾದ ಅಡ್ಡಗೆರೆಗಳು ಕಾಣಿಸಬೇಕು. ಅವು ಕಂಡರೆ ನಿಮ್ಮ ಅದೃಷ್ಟ. ಅವುಗಳ ಬದಲು ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳು, ಅಲ್ಯೂಮಿನಿಯಂ ಕರಗಿ ಬಳಿದಂತಹ ಮಂಕು ಪಟ್ಟೆಗಳು, ರಿಂಗ್ ತನ್ನ ತೋಡಿನಲ್ಲೇ ಅಂಟಿ ಕುಳಿತ ಗುರುತು ಕಂಡರೆ ಹಾನಿ ಆಗಲೇ ಶುರುವಾಗಿದೆ. ಎಕ್ಸಾಸ್ಟ್ ಬದಿಯ ಗೀರು ಬಿಸಿಯಿಂದ, ಲೀನ್ ಓಟದಿಂದ ಬರುವಂಥದ್ದು. ಗೀರು ಗಾಳಿ ಬರುವ ಬದಿಯಲ್ಲಿದ್ದರೆ ಏರ್ ಫಿಲ್ಟರ್ ದಾಟಿ ಮರದ ಹುಡಿ, ಧೂಳು ಒಳಗೆ ಹೋಗುತ್ತಿದೆ ಎಂದು ಅನುಮಾನಿಸಬೇಕು. ಗೀರು ಬಿದ್ದ ಪಿಸ್ಟನ್ ಮೇಲೆ ಟ್ಯೂನಿಂಗ್ ಮಾಡುವುದು ವ್ಯರ್ಥ. ಮೊದಲು ಪಿಸ್ಟನ್, ರಿಂಗ್ ಬದಲಾಯಿಸಿ, ಸಿಲಿಂಡರ್ ಗೋಡೆ ಪರೀಕ್ಷಿಸಿ, ಆಮೇಲೆ ಮುಂದಿನ ಮಾತು.

ಪಿಸ್ಟನ್ ಚೆನ್ನಾಗಿದೆ ಎಂದುಕೊಳ್ಳೋಣ. ರೇಸ್ ಬಿಟ್ಟರೂ ವೇಗ ಇಳಿಯುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಾಲು ಇದು. ಎಲ್ ಸ್ಕ್ರೂ ತೀರಾ ಬಿಗಿಯಾಗಿದ್ದರೂ ಹೀಗಾಗುತ್ತದೆ, ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿದ್ದರೂ ಹೀಗಾಗುತ್ತದೆ. ನಿಮ್ಮ ಯಂತ್ರದಲ್ಲಿ ಸಿಲಿಂಡರ್ ಅಡಿಯ ಗ್ಯಾಸ್ಕೆಟ್ ತೆಗೆದಿದ್ದಾರೆ. ಸಿಲಿಂಡರ್ ಸ್ವಲ್ಪ ಕೆಳಗಿಳಿದರೆ ಕಂಪ್ರೆಶನ್ ಹೆಚ್ಚುತ್ತದೆ ಎಂಬುದು ಆ ಕೆಲಸದ ಹಿಂದಿನ ಲೆಕ್ಕ, ಲೆಕ್ಕವೇನೋ ಸರಿ. ಆದರೆ ಗ್ಯಾಸ್ಕೆಟ್ ಇದ್ದ ಜಾಗದಲ್ಲಿ ಈಗ ತೆಳುವಾದ ಸೀಲೆಂಟ್ ಪದರ ಮಾತ್ರ ಇದೆ. ಮೇಲ್ಮೈಯಲ್ಲಿ ಎಣ್ಣೆ ಪಸೆ ಉಳಿದಿದ್ದರೆ, ಸೀಲೆಂಟ್ ಗಟ್ಟಿಯಾಗುವ ಮೊದಲೇ ಸ್ಟಾರ್ಟ್ ಮಾಡಿದ್ದರೆ, ಬೋಲ್ಟ್‌ಗಳನ್ನು ಸಮನಾಗಿ ಬಿಗಿದಿಲ್ಲದಿದ್ದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ತಣ್ಣಗಿದ್ದಾಗ ಗೊತ್ತಾಗುವುದಿಲ್ಲ. ಬಿಸಿಯಾಗಿ ಲೋಹ ಹಿಗ್ಗಿದಾಗ ಬಾಯಿ ಬಿಡುತ್ತದೆ. ನಿಮಗೂ ತೊಂದರೆ ಕಾಣಿಸುವುದು ಅರ್ಧ ಟ್ಯಾಂಕ್ ಓಡಿದ ಮೇಲೆಯೇ ಅಲ್ಲವೇ?

ಕಳ್ಳಗಾಳಿ ಇರುವ ಎಂಜಿನ್‌ಗೆ ಟ್ಯೂನಿಂಗ್ ಮಾಡಲು ಹೊರಟರೆ ಮೋಸ ಹೋಗುತ್ತೀರಿ. ಗಾಳಿಗೆ ತಕ್ಕಂತೆ ಸ್ಕ್ರೂ ಬಿಚ್ಚಿ ಸದ್ದು ಸರಿ ಮಾಡಬಹುದು. ಆದರೆ ಸೋರಿಕೆ ನಾಳೆ ಇನ್ನಷ್ಟು ದೊಡ್ಡದಾಗುತ್ತದೆ, ನಿಮ್ಮ ಸೆಟ್ಟಿಂಗ್ ಅದರ ಹಿಂದೆ ಓಡುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಒತ್ತಡ ಪರೀಕ್ಷೆ ಮಾಡಿಸಿ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡನ್ನೂ ರಬ್ಬರ್ ತುಂಡಿನಿಂದ ಮುಚ್ಚಿ, ಕೈಪಂಪಿನಿಂದ ಎಂಜಿನ್‌ನೊಳಗೆ ಅರ್ಧ ಬಾರ್ ಒತ್ತಡದಷ್ಟು ಗಾಳಿ ತುಂಬಬೇಕು. ಪಂಪಿನ ಒತ್ತಡ ಮೀಟರ್‌ನ ಮುಳ್ಳು ಕದಲದೆ ನಿಲ್ಲಬೇಕು. ಇಳಿದರೆ ಸಿಲಿಂಡರ್ ಬುಡ, ಡಿಕಂಪ್ರೆಶನ್ ವಾಲ್ವ್ (ಸ್ಟಾರ್ಟ್ ಮಾಡುವಾಗ ಒತ್ತಡ ಇಳಿಸುವ ಗುಂಡಿ), ಕಾರ್ಬುರೇಟರ್‌ಗೂ ಸಿಲಿಂಡರ್‌ಗೂ ನಡುವಿನ ರಬ್ಬರ್, ಎರಡೂ ಬದಿಯ ಕ್ರ್ಯಾಂಕ್ ಸೀಲ್ ಇಲ್ಲೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ ಅರ್ಧ ಬಾರ್‌ನಷ್ಟು ನಿರ್ವಾತವನ್ನೂ ಎಳೆದು ನೋಡಬೇಕು. ಒಳಗಿನಿಂದ ಒತ್ತಿದಾಗ ಗಟ್ಟಿಯಾಗಿ ಕೂರುವ ಸೀಲ್, ಒಳಗೆ ಎಳೆದಾಗ ತುಟಿ ಬಿಡುವುದುಂಟು. ಕೆಲವರು ಓಡುತ್ತಿರುವ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯ ಆಟ, ನನಗೆ ಒಪ್ಪಿಗೆಯಿಲ್ಲ.

ಅರ್ಧ ಟ್ಯಾಂಕ್ ಎಂಬುದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕ್‌ನೊಳಗೆ ಗಾಳಿ ಹೋಗಲು ಸಣ್ಣ ವೆಂಟ್ ಇರುತ್ತದೆ. ಅದು ಹುಡಿ ಮೆತ್ತಿ ಮುಚ್ಚಿದರೆ ಟ್ಯಾಂಕ್‌ನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಮೇಲೇರುವುದಿಲ್ಲ. ಪಿಸ್ಟನ್, ಒತ್ತಡ ಎರಡೂ ಸರಿಯಿದ್ದು ಯಂತ್ರ ಓಡಿಸುವಾಗ ಮತ್ತೆ ತೊಂದರೆ ಕಾಣಿಸಿಕೊಂಡರೆ ಆ ಹೊತ್ತಿನಲ್ಲೇ ಎಂಜಿನ್ ಆಫ್ ಮಾಡಿ, ತುಸು ಆರಲು ಬಿಟ್ಟು, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಗಾಳಿ ಒಳಗೆಳೆದ ಸುಯ್ ಸದ್ದು ಕೇಳಿ, ಆಮೇಲೆ ಯಂತ್ರ ಸ್ವಲ್ಪ ಹೊತ್ತು ಸರಿಯಾಗಿ ಓಡಿದರೆ ವೆಂಟ್‌ನದೇ ತಪ್ಪು. ಟ್ಯಾಂಕ್‌ನೊಳಗಿನ ಪೆಟ್ರೋಲ್ ಫಿಲ್ಟರನ್ನೂ ಅದೇ ಕೈಯಲ್ಲಿ ಬದಲಾಯಿಸಿ.

ಈಗ ಎಥನಾಲ್. ಸಂಬಂಧವಿದೆ, ಜೋರಾಗಿಯೇ ಇದೆ. 2025ರ ಹೊತ್ತಿಗೆ ನಮ್ಮ ಬಂಕ್‌ಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಚೈನ್‌ಸಾ ಕೈಪಿಡಿಗಳಲ್ಲಿ ಹೆಚ್ಚಿನವು ಒಪ್ಪುವುದು ಶೇ 10ರವರೆಗೆ ಮಾತ್ರ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಸ್ಕ್ರೂ ಮುಟ್ಟದೆ ಬರೀ ಪೆಟ್ರೋಲ್ ಬದಲಾದರೂ ಯಂತ್ರ ಲೀನ್ ಕಡೆಗೆ ಜಾರುತ್ತದೆ. ಸೈಲೆನ್ಸರ್ ತೆರೆದು ಲೀನ್ ಆದ ಯಂತ್ರಕ್ಕೆ ಇದು ಗಾಯದ ಮೇಲೆ ಬರೆ. ಹಳೆಯ ಪೆಟ್ರೋಲ್‌ನಲ್ಲಿ ಮಾಡಿದ ಸೆಟ್ಟಿಂಗ್ ಈಗ ನಡೆಯುವುದಿಲ್ಲ ಎಂದೇ ತಿಳಿಯಿರಿ.

ಎಥನಾಲ್‌ನ ಇನ್ನೊಂದು ಕೆಡುಕು ರಬ್ಬರ್‌ಗೆ. ಚೈನ್‌ಸಾ ಕಾರ್ಬುರೇಟರ್‌ನಲ್ಲಿ ಬೈಕಿನದರಂತೆ ತೇಲುವ ಫ್ಲೋಟ್ ಇಲ್ಲ, ಏಕೆಂದರೆ ಈ ಯಂತ್ರವನ್ನು ಮಗ್ಗುಲಿಗೆ ಮಲಗಿಸಿಯೂ ತಲೆಕೆಳಗಾಗಿಯೂ ಓಡಿಸುತ್ತೇವೆ. ಫ್ಲೋಟ್ ಬದಲು ತೆಳುವಾದ ಡಯಾಫ್ರಾಮ್ ಇದೆ. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಪೆಟ್ರೋಲ್. ಎಂಜಿನ್ ಪೆಟ್ರೋಲ್ ಎಳೆದುಕೊಂಡಂತೆ ಡಯಾಫ್ರಾಮ್ ಒಳಗೆ ಬಾಗಿ ಸಣ್ಣ ಸನ್ನೆಯನ್ನು ಒತ್ತುತ್ತದೆ, ಪೆಟ್ರೋಲ್ ದಾರಿ ಮುಚ್ಚಿರುವ ಒಳಗಿನ ಬೇರೊಂದು ಸೂಜಿ ಎದ್ದು ಹೊಸ ಪೆಟ್ರೋಲ್ ಬರುತ್ತದೆ. ಇಡೀ ಕಾರ್ಬುರೇಟರ್‌ನ ಪ್ರಾಣ ಈ ಪದರದ ಮೆದುತನದಲ್ಲಿದೆ. ಬಿಚ್ಚಿದಾಗ ಅದು ಹಳೆಯ ಹಪ್ಪಳದಂತೆ ಬಿರುಸಾಗಿ ಸದ್ದು ಮಾಡಿದರೆ ಎಸೆದು ಹೊಸ ಕಿಟ್ ಹಾಕಿ. ಬಿರುಸಾದ ಡಯಾಫ್ರಾಮ್ ಇಟ್ಟುಕೊಂಡು ಎಲ್ ಸ್ಕ್ರೂ ಎಷ್ಟು ತಿರುಗಿಸಿದರೂ ರೇಸ್ ಕೊಟ್ಟಾಗ ಉಸಿರು ಕಟ್ಟುವುದು ನಿಲ್ಲುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಈ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಬೇರ್ಪಟ್ಟು ಕ್ಯಾನಿನ ತಳಕ್ಕಿಳಿಯುತ್ತವೆ. ಜೂನ್‌ನಲ್ಲಿ ಬೆರೆಸಿಟ್ಟ ಪೆಟ್ರೋಲನ್ನು ಸೆಪ್ಟೆಂಬರ್‌ನಲ್ಲಿ ಹಾಕಬೇಡಿ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಮಳೆಗಾಲಕ್ಕೆ ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಸ್ಲೋದಲ್ಲಿ ಓಡಿಸಿ.

ಆಯಿಲ್ ಒಳ್ಳೆಯ ಗುಣಮಟ್ಟದ್ದಾದರೆ ಲೀಟರಿಗೆ 20 ಮಿ.ಲೀ. ಕಂಪನಿಯ ಅಳತೆ. ಬದಲಾವಣೆ ಮಾಡಿದ ಯಂತ್ರಕ್ಕೆ ನಾನು 25 ಮಿ.ಲೀ. ಹಾಕಿ ಎನ್ನುತ್ತೇನೆ. ಆದರೆ ಅಳತೆ ಬದಲಾದ ಮೇಲೆ ಮತ್ತೆ ಟ್ಯೂನ್ ಮಾಡಲೇಬೇಕು. ಆಯಿಲ್ ಹೆಚ್ಚು ಹಾಕಿದರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ) ಆಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಆಗುವುದು ತದ್ವಿರುದ್ಧ: ಅದೇ ರಂಧ್ರದಿಂದ ಬರುವ ದ್ರವದಲ್ಲಿ ಆಯಿಲ್ ಪಾಲು ಹೆಚ್ಚಿದರೆ ಉರಿಯುವ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಆಯಿತೆಂದರೆ ಈಗ ಸ್ಕ್ರೂಡ್ರೈವರ್ ಹಿಡಿಯಬಹುದು. ಶುಚಿಯಾದ ಏರ್ ಫಿಲ್ಟರ್, ಹೊಸ ಪ್ಲಗ್, ಅರೆದ ಹರಿತ ಚೈನ್ ಇರಲಿ. ಬಾರ್ ಮತ್ತು ಚೈನ್ ಕೂಡಿಸಿಯೇ ಟ್ಯೂನ್ ಮಾಡಬೇಕು, ಬಿಚ್ಚಿಟ್ಟಲ್ಲ. ಒಂದಡಿ ದಪ್ಪದ ಗಟ್ಟಿ ಮರದ ದಿಮ್ಮಿಯೊಂದನ್ನು ಅಲುಗಾಡದಂತೆ ಊರಿಟ್ಟುಕೊಳ್ಳಿ. ಕಿವಿಗೆ ರಕ್ಷಣೆ, ಕಾಲಿಗೆ ರಕ್ಷಣೆ ಬೇಕೇ ಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಕೆಲವು ತುಂಡು ಕೊಯ್ದು ಚೆನ್ನಾಗಿ ಬಿಸಿ ಮಾಡಿ. ತಣ್ಣನೆಯ ಎಂಜಿನ್ ಮೇಲೆ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ಉಳಿಯುವುದಿಲ್ಲ. ಸೂಜಿಗಳನ್ನು ಎಂದೂ ಜೋರಾಗಿ ಬಿಗಿಯಬೇಡಿ. ತುದಿ ಕೂರುವ ಜಾಗದಲ್ಲಿ ಗುಂಡಿ ಬಿದ್ದರೆ ಕಾರ್ಬುರೇಟರೇ ಹೋಯಿತು. ಎಲ್ ಮತ್ತು ಎಚ್ ಎರಡಕ್ಕೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ನಿಮ್ಮ ಯಂತ್ರದ ಟಿ ಸ್ಕ್ರೂ, ಸ್ಟಿಲ್ ಕಂಪನಿಯ ಯಂತ್ರಗಳಲ್ಲಾದರೆ ಎಲ್‌ಎ, ಪೆಟ್ರೋಲ್‌ಗೆ ಸಂಬಂಧಿಸಿದ್ದಲ್ಲ. ಅದು ಥ್ರಾಟಲ್ ಬಾಗಿಲನ್ನು ತುಸು ತೆರೆದು ಸ್ಲೋ ವೇಗ ಹಿಡಿದಿಡುತ್ತದೆ.

ಎರಡೂ ಸೂಜಿಗಳನ್ನು ಒಂದು ಸುತ್ತಿಗೆ ಇಟ್ಟು, ಎಚ್ ಮಾತ್ರ ಇನ್ನೂ ಕಾಲು ಸುತ್ತು ಹೊರಗೆ ಬಿಚ್ಚಿ ಶುರುಮಾಡಿ. ಮೊದಲು ಎಲ್. ಎಂಜಿನ್ ಸ್ಲೋದಲ್ಲಿರುವಾಗ ಅದನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರೆ ವೇಗ ಏರುತ್ತಾ ಹೋಗಿ ಒಂದು ಕಡೆ ಕುಸಿಯುತ್ತದೆ. ಮತ್ತೆ ಎಡಕ್ಕೆ ತಿರುಗಿಸಿದರೆ ವೇಗ ಏರಿ, ಇನ್ನೊಂದು ಕಡೆ ಭಾರವಾಗಿ ಗುಡುಗುಡು ಎನ್ನುತ್ತದೆ. ಇವೆರಡರ ನಡುವೆ ಅತಿ ಹೆಚ್ಚು ವೇಗ ಬರುವ ಜಾಗ ಹುಡುಕಿ, ಅಲ್ಲಿಂದ ಎಡಕ್ಕೆ ಅರೆಪಾವು ಸುತ್ತಿನಷ್ಟು, ಅಂದರೆ ಎಂಟನೇ ಒಂದು ಸುತ್ತು ಬಿಡಿ. ಈಗ ಟಿ ಸ್ಕ್ರೂನಿಂದ ಸ್ಲೋ ವೇಗ ಸರಿಮಾಡಿ. ನಿಮ್ಮ ಮಾದರಿಗೆ 2,700 ಆರ್‌ಪಿಎಂ. ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಎಂಜಿನ್ ನಿಲ್ಲದೆ ಓಡಬೇಕು, ಚೈನ್ ಕಿಂಚಿತ್ತೂ ಕದಲಬಾರದು. ಬಾರ್ ಕೆಳಕ್ಕೆ, ಮೇಲಕ್ಕೆ, ಮಗ್ಗುಲಿಗೆ ಮಾಡಿ ನೋಡಿ. ಸ್ಲೋ ಹಾಗೇ ನಿಲ್ಲಬೇಕು. ಆಮೇಲೆ ಒಂದೇ ಸಲಕ್ಕೆ ರೇಸ್ ಕೊಡಿ. ಹೊಗೆಯಿಲ್ಲದೆ ಉಸಿರು ಕಟ್ಟಿದರೆ ಎಲ್ ಇನ್ನೂ ಸ್ವಲ್ಪ ಎಡಕ್ಕೆ. ಹೊಗೆ ಉಗುಳುತ್ತಾ ತಡಬಡಾಯಿಸಿ ಏರಿದರೆ ಸ್ವಲ್ಪ ಬಲಕ್ಕೆ.

ಈಗ ಎಚ್. ಈ ಭಾಗವನ್ನು ಎರಡು ಸಲ ಓದಿ. ಬರಿಗಾಳಿಯಲ್ಲಿ ಪೂರ್ತಿ ರೇಸ್ ಕೊಟ್ಟು ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಸರಿಯಾಗಿ ರಿಚ್ ಇರುವ ಎಂಜಿನ್ ಹೊರೆಯಿಲ್ಲದಾಗ ನುಣ್ಣಗೆ ಕಿರುಚುವುದಿಲ್ಲ. ಅದರ ಸದ್ದಿನಲ್ಲಿ ಒಂದು ಒಡಕು ಇರುತ್ತದೆ, ಬರ್ರ್ ಎಂಬ ನಡುಕ. ಪೆಟ್ರೋಲ್ ಹೆಚ್ಚಾಗಿ ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿಗೆ ಉರಿ ಹತ್ತುವುದರಿಂದ ಟೂ ಸ್ಟ್ರೋಕ್ ಎಂಜಿನ್ ಫೋರ್ ಸ್ಟ್ರೋಕ್‌ನಂತೆ ಕೇಳಿಸುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಫೋರ್ ಸ್ಟ್ರೋಕಿಂಗ್ ಎನ್ನುತ್ತಾರೆ. ಎಚ್ ಅನ್ನು ಆ ಒಡಕು ಢಾಳಾಗಿ ಕೇಳುವ ತನಕ ಎಡಕ್ಕೆ ಬಿಚ್ಚಿ, ಅಲ್ಲಿಂದ ಎಂಟನೇ ಒಂದು ಸುತ್ತಿನಂತೆ ಬಲಕ್ಕೆ ಬನ್ನಿ. ಒಡಕು ಇನ್ನೂ ಇದೆ ಎನ್ನುವಾಗಲೇ ನಿಲ್ಲಿಸಿ ಬಾರನ್ನು ದಿಮ್ಮಿಗೆ ಇಳಿಸಿ. ಚೈನ್ ಮರ ಕಚ್ಚಿ ಹೊರೆ ಬಿದ್ದ ಕೂಡಲೇ ಒಡಕು ಮಾಯವಾಗಿ ಸದ್ದು ಶುದ್ಧವಾಗಬೇಕು. ಕೊಯ್ತದ ನಡುವೆಯೇ ಕೈಯ ಒತ್ತು ತುಸು ಸಡಿಲಿಸಿ, ಒಡಕು ಮರಳಿ ಬರಬೇಕು. ಮತ್ತೆ ಒತ್ತಿ, ಹೋಗಬೇಕು. ಒತ್ತಿದಾಗ ಹೋಗಿ ಬಿಟ್ಟಾಗ ಬರುವ ಈ ಒಡಕೇ ನೀವು ಹುಡುಕುತ್ತಿರುವ ಲೆಕ್ಕ. ಮರದೊಳಗೂ ಬರ್ರ್ ಎನ್ನುತ್ತಲೇ ಇದ್ದರೆ ತೀರಾ ರಿಚ್, ಕೂದಲೆಳೆಯಷ್ಟು ಬಲಕ್ಕೆ ಬನ್ನಿ. ಒತ್ತು ಸಡಿಲಿಸಿದರೂ ಒಡಕು ಬರದೆ ಸದ್ದು ನುಣ್ಣಗೆ ಏರಿದರೆ ಲೀನ್. ಆ ಕ್ಷಣವೇ ರೇಸ್ ಬಿಡಿ, ಎಡಕ್ಕೆ ಬಿಚ್ಚಿ.

ಬರಿಗಾಳಿಯಲ್ಲಿ ಎಷ್ಟು ಕಿರುಚುತ್ತದೆಯೋ ಅಷ್ಟು ಶಕ್ತಿ ಎಂದು ನಂಬಿ ಎಚ್ ಬಿಗಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೊರೆಯಿಲ್ಲದ ವೇಗ ಮರ ಕೊಯ್ಯುವುದಿಲ್ಲ. ಹೊರೆ ಬಿದ್ದಾಗ ಕೈಕೊಡುವ ಯಂತ್ರವೇ ಹೊರೆಯಿಲ್ಲದಾಗ ಹೆಚ್ಚು ಕಿರುಚುತ್ತದೆ. ಏಳು ಹಲ್ಲಿನ, ಎಂಟನೇ ಮೂರು ಇಂಚು ಪಿಚ್‌ನ ಸ್ಪ್ರಾಕೆಟ್ ಇದ್ದರೆ 13,500 ಆರ್‌ಪಿಎಂನಲ್ಲಿ ನಿಮ್ಮ ಚೈನ್ ಆಗಲೇ ಗಂಟೆಗೆ 108 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕಿಂತ ಹೆಚ್ಚು ಯಾರಿಗೂ ಬೇಡ.

ಎಚ್ ಮುಗಿದ ಮೇಲೆ ಎಲ್‌ಗೆ ಮತ್ತೊಮ್ಮೆ ಬನ್ನಿ. ಎಲ್‌ನ ದಾರಿಯಿಂದ ಪೂರ್ತಿ ರೇಸ್‌ನಲ್ಲೂ ಪೆಟ್ರೋಲ್ ಬರುತ್ತದೆ, ಆದ್ದರಿಂದ ಒಂದನ್ನು ಮುಟ್ಟಿದರೆ ಇನ್ನೊಂದೂ ತುಸು ಸರಿಯುತ್ತದೆ.

ಟ್ಯಾಕೋಮೀಟರ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದ್ದರೆ ಒಳ್ಳೆಯದು, ಕಿವಿ ಇನ್ನೂ ಪಳಗದವರಿಗೆ ಅದು ಕಾವಲು. ನಿಮ್ಮ ಮಾದರಿಗೆ ಕಂಪನಿ ಹೇಳುವ ಗರಿಷ್ಠ 13,500. ಬದಲಾವಣೆ ಮಾಡಿದ ಯಂತ್ರವನ್ನು 13,000ದ ಆಸುಪಾಸಿನಲ್ಲಿಟ್ಟು ಮರದೊಳಗಿನ ಸದ್ದನ್ನು ಕೇಳುತ್ತಾ ಮುಂದಿನ ನಿರ್ಧಾರ ಮಾಡಿ. ಮೀಟರ್‌ನ ಸೆಟ್ಟಿಂಗ್ ಒಂದು ಸುತ್ತಿಗೆ ಒಂದು ಕಿಡಿ ಎಂದಿರಬೇಕು, ಇಲ್ಲವಾದರೆ ಅಂಕಿ ಇಮ್ಮಡಿಯೋ ಅರ್ಧವೋ ಆಗಿ ಕಾಣುತ್ತದೆ.

ಇಲ್ಲಿ ಅನುಭವಿಗಳೂ ಎಡವುವ ಒಂದು ಬಲೆ ಇದೆ. ಕೆಲವು ಯಂತ್ರಗಳ ಇಗ್ನಿಶನ್ ಕಾಯಿಲ್‌ನಲ್ಲೇ ವೇಗಮಿತಿ ಇರುತ್ತದೆ. ವೇಗ ಮಿತಿ ಮುಟ್ಟಿದಾಗ ಅದು ಕಿಡಿ ಕತ್ತರಿಸುತ್ತದೆ, ಆಗಲೂ ಒಡಕು ಸದ್ದೇ ಬರುತ್ತದೆ. ಕೇಳಿದವರು ರಿಚ್ ಇದೆ ಎಂದು ನೆಮ್ಮದಿಯಿಂದಿರುತ್ತಾರೆ, ಒಳಗೆ ಪಿಸ್ಟನ್ ಲೀನ್ ಆಗಿ ಸುಡುತ್ತಿರುತ್ತದೆ. ನಿಮ್ಮ ಯಂತ್ರದ ಕಾಯಿಲ್ ಯಾವಾಗಲಾದರೂ ಬದಲಾಗಿದ್ದರೆ ಇದನ್ನು ಪರೀಕ್ಷಿಸಲೇಬೇಕು. ಎಚ್ ಅನ್ನು ಎಡಕ್ಕೆ ಎಂಟನೇ ಒಂದು ಸುತ್ತು ಬಿಚ್ಚಿ ನೋಡಿ. ವೇಗ ಇಳಿದು ಒಡಕು ಇನ್ನಷ್ಟು ದಪ್ಪವಾದರೆ ಅದು ಪೆಟ್ರೋಲ್‌ನ ಸದ್ದು. ವೇಗವೂ ಸದ್ದೂ ಇದ್ದಂತೆಯೇ ಇದ್ದರೆ ಅದು ಕಾಯಿಲ್‌ನದು. ಬಿಚ್ಚುತ್ತಾ ಹೋಗಿ ಮಿತಿಗಿಂತ ಕೆಳಗಿಳಿದ ಮೇಲೆ ಮಾತ್ರ ನಿಜವಾದ ಸದ್ದು ಕೇಳಿಸುತ್ತದೆ.

ಸೂಜಿಗಳ ಮೇಲೆ ಪ್ಲಾಸ್ಟಿಕ್ ಟೋಪಿ ಇದ್ದು ಅವು ಸ್ವಲ್ಪವೇ ತಿರುಗಿ ನಿಲ್ಲುತ್ತಿದ್ದರೆ, ಅದು ಹೊಗೆಯ ನಿಯಮಗಳಿಗಾಗಿ ಹಾಕಿದ ತಡೆ. ಸೈಲೆನ್ಸರ್ ತೆರೆದ ಯಂತ್ರಕ್ಕೆ ಅಷ್ಟು ತಿರುವು ಸಾಲುವುದಿಲ್ಲ, ತಡೆ ತೆಗೆಸಬೇಕಾಗುತ್ತದೆ. ಎಚ್ ಸ್ಕ್ರೂವೇ ಇಲ್ಲದ ಸಣ್ಣ ಯಂತ್ರಗಳ ಸೈಲೆನ್ಸರ್ ಮುಟ್ಟಲೇಬೇಡಿ ಎಂದು ನಿಮ್ಮ ನೆರೆಹೊರೆಯವರಿಗೂ ಹೇಳಿ. ಎಂ-ಟ್ರಾನಿಕ್, ಆಟೋಟ್ಯೂನ್ ಎಂಬ ಹೊಸ ಬಗೆಯವು ತಮ್ಮ ಮಿತಿಯೊಳಗೆ ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಅವುಗಳಲ್ಲಿ ತಿರುಗಿಸಲು ಎಲ್, ಎಚ್ ಸೂಜಿಗಳೇ ಇರುವುದಿಲ್ಲ.

ನೀವಿರುವ ಜಾಗದ ಬಗ್ಗೆಯೂ ಒಂದು ಎಚ್ಚರಿಕೆ. ಸಕಲೇಶಪುರ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 950 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ 9ರಷ್ಟು ತೆಳು. ಅಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಯಂತ್ರವನ್ನು ಜೀಪಿನಲ್ಲಿ ಹಾಕಿಕೊಂಡು ಶಿರಾಡಿ ಘಾಟಿ ಇಳಿದು ನೆಲ್ಯಾಡಿ, ಕಡಬದ ಕಡೆ ರಬ್ಬರ್ ಮರ ಕೊಯ್ಯಲು ಕೊಟ್ಟರೆ ಅದು ಅಲ್ಲಿ ಲೀನ್. ಕೆಳಗೆ ಟ್ಯೂನ್ ಮಾಡಿ ಮೇಲೆ ತಂದರೆ ರಿಚ್ ಆಗುತ್ತದೆ, ಹೊಗೆ ಜಾಸ್ತಿ, ಶಕ್ತಿ ಕಡಿಮೆ, ಅಪಾಯವಿಲ್ಲ. ಅಪಾಯ ಇರುವುದು ಘಾಟಿ ಇಳಿಯುವಾಗ. ಇಳಿದ ಕೂಡಲೇ ಎಚ್ ಸ್ವಲ್ಪ ಎಡಕ್ಕೆ ಬಿಚ್ಚಿ, ಮರದೊಳಗೆ ಸದ್ದು ಕೇಳಿ ಆಮೇಲೆ ಕೆಲಸ. ನಿಮ್ಮ ತೋಟದಲ್ಲೇ ಡಿಸೆಂಬರ್‌ನ ಬೆಳಗಿನ 14 ಡಿಗ್ರಿ ಚಳಿಗೂ ಮಧ್ಯಾಹ್ನದ 30 ಡಿಗ್ರಿ ಬಿಸಿಲಿಗೂ ಗಾಳಿಯ ಸಾಂದ್ರತೆಯಲ್ಲಿ ಶೇ 5ರಷ್ಟು ಅಂತರವಿರುತ್ತದೆ. ಬೆಳಗಿನ ಗಾಳಿ ದಟ್ಟ. ಮಧ್ಯಾಹ್ನ ಟ್ಯೂನ್ ಮಾಡಿದ್ದರೆ ಮರುದಿನ ಬೆಳಗಿನ ಮೊದಲ ಕೊಯ್ತದಲ್ಲಿ ಕಿವಿಗೊಟ್ಟು ಕೇಳಿ.

ಕೆಲಸ ಮುಗಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವ ಅಭ್ಯಾಸ ಒಳ್ಳೆಯದೇ. ಬಿಸ್ಕತ್ತಿನ ಕಂದು ಬಣ್ಣ ಸರಿ, ಬಿಳಿಚಿಕೊಂಡಿದ್ದರೆ ಲೀನ್, ಒದ್ದೆ ಕಪ್ಪಾದರೆ ರಿಚ್. ಪೂರ್ತಿ ರೇಸ್‌ನ ಕೊಯ್ತದಿಂದ ನೇರವಾಗಿ ಆಫ್ ಮಾಡಿದಾಗ ಮಾತ್ರ ಆ ಬಣ್ಣಕ್ಕೆ ಅರ್ಥ. ಸ್ಲೋದಲ್ಲಿ ಓಡಿಸಿ ಆಮೇಲೆ ನಿಲ್ಲಿಸಿದರೆ ಪ್ಲಗ್ ಹೇಳುವುದು ಸ್ಲೋದ ಕಥೆ. ನಾನು ಪ್ಲಗ್‌ಗಿಂತ ಮರದೊಳಗಿನ ಸದ್ದನ್ನೂ, ಎಕ್ಸಾಸ್ಟ್ ಪೋರ್ಟ್‌ನಿಂದ ಕಾಣುವ ಪಿಸ್ಟನನ್ನೂ ಹೆಚ್ಚು ನಂಬುತ್ತೇನೆ.

ಕೊನೆಯದಾಗಿ ಸೈಲೆನ್ಸರ್ ಬಗ್ಗೆಯೇ. ಬಾಯಿ ಅಗಲ ಮಾಡುವಾಗ ಒಳಗಿನ ಕಿಡಿ ತಡೆಯುವ ಜಾಲರಿಯನ್ನು ಕಿತ್ತೆಸೆದಿದ್ದಾರೆಯೇ ನೋಡಿ. ಎಸೆದಿದ್ದರೆ ಹೊಸದು ಹಾಕಿಸಿ, ಫೆಬ್ರವರಿಯಿಂದ ಮಳೆ ಬೀಳುವ ತನಕ ಜಾಲರಿಯಿಲ್ಲದ ಯಂತ್ರವನ್ನು ಒಣ ತರಗೆಲೆ, ಒಣ ಹುಲ್ಲಿನ ನಡುವೆ ಓಡಿಸಬೇಡಿ. ಹೊಸ ಬಾಯಿಯಿಂದ ಬರುವ ಬಿಸಿ ಹೊಗೆ ಬಾರ್ ಕಡೆಗೋ, ಪ್ಲಾಸ್ಟಿಕ್ ಕವಚದ ಕಡೆಗೋ ಬೀಸುತ್ತಿದೆಯೇ ಎಂಬುದನ್ನೂ ಗಮನಿಸಿ. ಒತ್ತಡ ಪರೀಕ್ಷೆಯಲ್ಲಿ ಸಿಲಿಂಡರ್ ಬುಡದಲ್ಲಿ ಗುಳ್ಳೆ ಕಂಡರೆ ಮತ್ತೆ ಸೀಲೆಂಟ್ ಬಳಿಯುವ ಬದಲು ಕಂಪನಿಯ ಗ್ಯಾಸ್ಕೆಟನ್ನೇ ಮರಳಿ ಹಾಕಿಸಿ. ಕಂಪ್ರೆಶನ್ ಒಂದಿಷ್ಟು ಕಡಿಮೆಯಾಗುತ್ತದೆ, ತೆರೆದ ಸೈಲೆನ್ಸರ್‌ನಿಂದ ಬಂದ ಲಾಭ ಉಳಿಯುತ್ತದೆ, ನಿಮ್ಮ ತೋಟದ ಕೆಲಸಕ್ಕೆ ಅದು ಧಾರಾಳವಾಯಿತು. ಗ್ಯಾಸ್ಕೆಟ್ ಹಾಕಿದ ಮೇಲೆ ಎಲ್‌ನಿಂದ ಶುರುಮಾಡಿ ಇಡೀ ಟ್ಯೂನಿಂಗನ್ನು ಹೊಸದಾಗಿ ಮಾಡಬೇಕು.